ಡೊಮಿನೊ ಕಟ್ಟೆ

ಮಗಳು ನನ್ನನ್ನು ಅಮೆರಿಕದ ಮಯಾಮಿಯಲ್ಲಿ ಕ್ಯೂಬನ್ನರು ನೆಲೆಯೂರಿದ ಎಂಟನೇ ಬೀದಿಗೆ ಕರೆದೊಯ್ದದ್ದು ಕಾಫಿ ಕುಡಿಸಲಿಕ್ಕೆ. ಬೀದಿಗೆ ತೆರೆದ ಕಿಟಕಿಯೆದುರು ನಿಂತು 'ಕೊಲಾಡಾ' ಕೇಳಿದರೆ ಒಂದು ಲೋಟ ಕಡುಕಾಫಿ, ಜೊತೆಗೆ ಹೆಬ್ಬೆರಳು ಗಾತ್ರದ ನಾಲ್ಕೈದು ಪ್ಲಾಸ್ಟಿಕ್ ಕಪ್ಪು ಕೊಡುತ್ತಾರೆ. ಹಂಚಿಕೊಂಡೇ ಕುಡಿಯಬೇಕು. ನಮ್ಮದು ಬೈ-ಟು, ಇವರದು ಬೈ-ಫೈವ್.

ಲೋಟ ಹಿಡಿದು ಪಕ್ಕದ ಡೊಮಿನೊ ಪಾರ್ಕಿಗೆ ಹೋದೆವು. ಡೊಮಿನೊ ಎಂದರೆ ಚುಕ್ಕಿಯ ಬಿಲ್ಲೆಗಳನ್ನು ಜೋಡಿಸುವ ಆಟ. ಪಾರ್ಕಿಗಿಟ್ಟ ಹೆಸರು ಮಾಕ್ಸಿಮೊ ಗೋಮೆಸ್‌ನದು. 1868 ಮತ್ತು 1895ರ ಎರಡೂ ಯುದ್ಧಗಳಲ್ಲಿ ಸ್ಪೇನಿನ ವಿರುದ್ಧ ಕ್ಯೂಬಾದ ಪರ ಕಾದಾಡಿದ ಸೇನಾನಿ. ಹುಟ್ಟಿದ್ದು ಮಾತ್ರ ಡೊಮಿನಿಕನ್ ನೆಲದಲ್ಲಿ. ಆಡಲು ವಯಸ್ಸು 55 ದಾಟಿರಬೇಕಂತೆ. ಆ ಅರ್ಹತೆ ನನಗೆ ಧಾರಾಳವಾಗಿತ್ತು, ಆಟ ಬರುತ್ತಿರಲಿಲ್ಲ ಅಷ್ಟೆ.

ಒಂದು ಮೇಜಿನ ಬಳಿ ನಿಂತೆ. ಬಿಳಿ ಗಡ್ಡದ ಹಿರಿಯರೊಬ್ಬರು ಇಂಗ್ಲಿಷಿನಲ್ಲಿ, "ಇಂಡಿಯಾನಾ? ಕ್ಯೂಬಾ ಬಗ್ಗೆ ಏನು ಗೊತ್ತು?" ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿದವನ ಬಾಯಿ ಸುಮ್ಮನಿರುತ್ತದೆಯೇ? 1983ರಲ್ಲಿ ದೆಹಲಿಯ ಅಲಿಪ್ತ ಶೃಂಗಸಭೆಯಲ್ಲಿ ಕ್ಯೂಬಾದ ಕ್ರಾಂತಿ ನಾಯಕ ಫಿಡೆಲ್ ಕ್ಯಾಸ್ಟ್ರೊ ಇಂದಿರಾ ಗಾಂಧಿಯನ್ನು ಅಪ್ಪಿಕೊಂಡ ಫೋಟೊ ನೋಡಿದ್ದೇನೆ ಎಂದುಬಿಟ್ಟೆ. ಫಿಡೆಲ್‌ನ ಆಡಳಿತ ಬಿಟ್ಟು ಬಂದವರ ಮೇಜು ತಣ್ಣಗಾಯಿತು. ಮಗಳು ನನ್ನ ಕಾಲು ತುಳಿದಳು.

ಅವರು ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಬಿಲ್ಲೆ ಮಗುಚಿಟ್ಟು ತಮ್ಮ ಕಥೆ ಹೇಳಿದರು. 1961, ಅವರಿಗೆ ಒಂಬತ್ತು ವರ್ಷ. ಖಾಸಗಿ ಶಾಲೆಗಳನ್ನು ಸರ್ಕಾರ ವಶಪಡಿಸಿಕೊಂಡಿತ್ತು. ಮುಂದೆ ಮಕ್ಕಳನ್ನೇ ಕಿತ್ತುಕೊಳ್ಳುತ್ತದೆ ಎಂಬ ಗಾಳಿಸುದ್ದಿ ಮನೆಮನೆಗೂ ಹಬ್ಬಿತ್ತು. ಅಪ್ಪ ಅಮ್ಮ ಒಬ್ಬನೇ ಮಗನನ್ನು ಅಮೆರಿಕದ ವಿಮಾನ ಹತ್ತಿಸಿದರು. ಹವಾನಾ ನಿಲ್ದಾಣದಲ್ಲಿ ಹೊರಡುವವರನ್ನು ಕೂರಿಸುತ್ತಿದ್ದ ಗಾಜಿನ ಕೋಣೆಗೆ ಜನ ಇಟ್ಟ ಹೆಸರು 'ಪೆಸೇರಾ', ಮೀನಿನ ತೊಟ್ಟಿ. ಆಚೆ ಅಮ್ಮನ ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. 1960ರ ಕೊನೆಯಿಂದ 1962ರ ಅಕ್ಟೋಬರ್‌ವರೆಗೆ ಹೀಗೆ ಒಂಟಿಯಾಗಿ ಬಂದ ಮಕ್ಕಳು 14,000ಕ್ಕೂ ಹೆಚ್ಚು. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳನ್ನಿಟ್ಟ ಬಿಕ್ಕಟ್ಟು ಬಂತು, ವಿಮಾನ ನಿಂತಿತು. ನಮ್ಮ ಪಠ್ಯದಲ್ಲಿ ಆ ಬಿಕ್ಕಟ್ಟು ಕೆನಡಿ, ಕ್ರುಶ್ಚೇವ್ ಇಬ್ಬರದೇ ವ್ಯವಹಾರವಾಗಿತ್ತು. ಈ ಹಿರಿಯರು ಹಿಮ ಬೀಳುವ ಊರಿನ ಅನಾಥಾಲಯದಲ್ಲಿ ಬೆಳೆದರು. 1966ರಲ್ಲಿ ಅಪ್ಪ ಅಮ್ಮ ಬಂದಿಳಿದಾಗ ಅವರೊಡನೆ ಮಾತಾಡಲು ಸ್ಪ್ಯಾನಿಷ್ ತಡವರಿಸಿತಂತೆ.

ಎದುರಿಗಿದ್ದ ಕಪ್ಪು ಮೈಬಣ್ಣದ ಗೆಳೆಯ ಅಷ್ಟರಲ್ಲಿ ಸ್ಪ್ಯಾನಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದ. ಹಿರಿಯರು ಎರಡೇ ವಾಕ್ಯದಲ್ಲಿ ಅನುವಾದ ಮುಗಿಸಿದರು. ಆತ ಮೇಜು ಕುಟ್ಟಿ, ಪೂರ್ತಿ ಹೇಳು ಎಂದು ಪಟ್ಟು ಹಿಡಿದ. ಪೂರ್ತಿ ಕಥೆ ಇದು: ಮುತ್ತಾತ ಕ್ಯೂಬಾದ ಮಾತಾನ್ಸಾಸಿನ ಕಬ್ಬಿನ ಗದ್ದೆಯಲ್ಲಿ ಗುಲಾಮ, ಸ್ಪೇನ್ ಆ ಪದ್ಧತಿಯನ್ನು ಕೊನೆಗಾಣಿಸಿದ್ದೇ 1886ರಲ್ಲಿ. ಅಮ್ಮನಿಗೆ ಅಕ್ಷರ ಗೊತ್ತಿರಲಿಲ್ಲ. ಹವಾನಾದಿಂದ ಲಾಟೀನು ಹಿಡಿದು ಬಂದ ಹುಡುಗಿಯೊಬ್ಬಳು ಮನೆಯಲ್ಲೇ ಉಳಿದು ಅಮ್ಮನಿಗೆ ಹೆಸರು ಬರೆಯಲು ಕಲಿಸಿದಳು. ಕ್ರಾಂತಿ ಸರ್ಕಾರದ ಸಾಕ್ಷರತಾ ಆಂದೋಲನ ಅದು, ಸುಮಾರು 7 ಲಕ್ಷ ಜನ ಓದಲು ಕಲಿತರು.

ಯಾವ ವರ್ಷ ಎಂದು ಕೇಳಿದೆ. ಆತ ಬೆರಳಿನಿಂದ ಮೇಜಿನ ಮೇಲೆ ಬರೆದ: 1961.

ಹಾಗಿದ್ದರೆ ನೀವೇಕೆ ಬಿಟ್ಟು ಬಂದಿರಿ ಎಂದೆ. 1980, ಕ್ಯೂಬಾದ ಮಾರಿಯೆಲ್ ಎಂಬ ಬಂದರು. ಆ ಬೇಸಿಗೆಯಲ್ಲಿ ದೋಣಿ ಹತ್ತಿದ ಸುಮಾರು 1,25,000 ಜನರಲ್ಲಿ ಈತನೂ ಒಬ್ಬ. ಹೊರಡುವ ಮುನ್ನ ನೆರೆಯವರೇ ಮನೆಗೆ ಮೊಟ್ಟೆ ಎಸೆದರು. ಇಲ್ಲಿ ಇಳಿದ ಮೇಲೆ ಮೊದಲೇ ಬಂದಿದ್ದ ಕ್ಯೂಬನ್ನರು ಕಳ್ಳರು, ಪುಂಡರು ಎಂದು ಮೂಗು ಮುರಿದರು. "ನಾನೂ ಅಂದಿದ್ದೆ," ಎಂದು ಅನುವಾದದ ನಡುವೆಯೇ ಹಿರಿಯರು ಸೇರಿಸಿದರು. ಯಾಕೆ ಬಿಟ್ಟಿರಿ ಎಂಬುದಕ್ಕೆ ಮಾತ್ರ ಉತ್ತರ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಬಿಲ್ಲೆಗಳನ್ನು ಮಗುಚಿ ಕಲಸತೊಡಗಿದರು. ಇದಕ್ಕೆ ಕ್ಯೂಬಾದವರು 'ನೀರು ಕೊಡುವುದು' ಅನ್ನುತ್ತಾರಂತೆ. ನಾಲ್ಕು ಕೈ, 55 ಬಿಲ್ಲೆ, ಮಳೆ ಹೊಯ್ದ ಸದ್ದು. ನನ್ನ ಲೋಟದಲ್ಲಿ ಇನ್ನೂ ಕೊಲಾಡಾ ಉಳಿದಿತ್ತು. ಇಬ್ಬರಿಗೂ ಒಂದೊಂದು ಕಪ್ಪು ಬಗ್ಗಿಸಿದೆ.