ಮೈನಸ್ ನಾಲ್ಕು ಡಿಗ್ರಿಯ ಮ್ಯಾನಿಫೋಲ್ಡ್

ಮೊನ್ನೆ ರಾತ್ರಿ ಹತ್ತೂವರೆಗೆ ನಮ್ಮ ಲಾರಿಯ ಎಕ್ಸಾಸ್ಟ್ ಟೆಂಪರೇಚರ್ ಮೀಟರು, ಅಂದರೆ ಎಂಜಿನ್ ಬಿಡುವ ಹೊಗೆಯ ಬಿಸಿ ಅಳೆಯುವ ಮೀಟರು, ಮೈನಸ್ 4 ತೋರಿಸಿತು. ಮಂಗಳೂರಿನಿಂದ ಪೊಟ್ಯಾಷ್ ಹೊತ್ತು ಸಂಪಾಜೆ ಘಾಟಿ ಹತ್ತಿ ಬಂದು, ಎಂಜಿನ್ ಆಫ್ ಮಾಡಿ ಒಂದು ಗಂಟೆ ಆಗಿತ್ತಷ್ಟೆ. ಮಡಿಕೇರಿಯಲ್ಲಿ ಚಳಿ ಇದೆ, ಒಪ್ಪಿದೆ. ಆದರೆ ಕಮ್ಮಿನ್ಸ್ ಎಂಜಿನ್ನಿನ ಮ್ಯಾನಿಫೋಲ್ಡ್ (ಹೊಗೆ ಹೊರಬರುವ ಕೊಳವೆ) ಒಳಗೆ ಹಿಮ ಬೀಳುವಷ್ಟು ಇಲ್ಲ.

ಭಾವ ಬಗ್ಗಿ ನೋಡಿ, "ಐಸ್‌ಕ್ರೀಮ್ ಇಡಬಹುದಲ್ಲ ಮಾರಾಯ" ಅಂದರು. ಮೂರು ವಾರದಿಂದ ಈ ಮೀಟರಿನ ಹಿಂದೆ ಬಿದ್ದಿರುವ ನನಗೆ ನಗು ಬರಲಿಲ್ಲ. ಆದರೆ ಆ ಮೈನಸ್ ನಾಲ್ಕೇ ಕೊನೆಗೆ ಕಳ್ಳನನ್ನು ಹಿಡಿದುಕೊಟ್ಟಿತು.

ತೂತು ಕೊರೆದ ಕಥೆ ಬೇಡ. ನಮ್ಮ 2518 ಲಾರಿಯ ಮ್ಯಾನಿಫೋಲ್ಡಿಗೆ, ಟರ್ಬೊಗಿಂತ (ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಚಕ್ರ) ಮುಂಚೆ, ಪುಡಿ ಅಂಟಿಕೊಳ್ಳಲಿ ಎಂದು ಡ್ರಿಲ್ ಬಿಟ್ಟಿಗೆ ದಪ್ಪಗೆ ಗ್ರೀಸ್ ಮೆತ್ತಿ ಕೊರೆದು, ಪ್ರೋಬ್ (ಬಿಸಿ ಅಳೆಯುವ ಕಡ್ಡಿ) ಕೂರಿಸಲು 1/8 ಎನ್‌ಪಿಟಿ ಟ್ಯಾಪ್‌ನಿಂದ ಥ್ರೆಡ್ ಹಾಕಿದೆ. ಬೀಡು ಕಬ್ಬಿಣದ ಪುಡಿ ಟರ್ಬೊಗೆ ಹೋದರೆ ಅದರ ರೆಕ್ಕೆಗಳ ಕಥೆ ಮುಗಿಯಿತು. ಟರ್ಬೊ ಆದ ಮೇಲೆ ಪ್ರೋಬ್ ಹಾಕಿದರೆ ಕೆಲಸ ಸುಲಭ, ಆದರೆ ಲೋಡಿನಲ್ಲಿ ನೂರಕ್ಕೂ ಮೀರಿ ಕಡಿಮೆ ಓದುತ್ತದೆ. ಪಿಸ್ಟನ್ನಿಗೆ ತಾಗುವ ಬಿಸಿ ಗೊತ್ತಾಗಬೇಕಾದರೆ ಮುಂಚೆಯೇ ಹಾಕಬೇಕು. ಬಹಳ ಹೊತ್ತು 700 ದಾಟಿಸಬಾರದು ಅನ್ನುವ ಲೆಕ್ಕಕ್ಕೂ ಅಲ್ಲಿಯ ಅಂಕಿಯೇ ಬೇಕು.

ತಲೆನೋವು ಶುರುವಾದದ್ದು ವೈರಿನಲ್ಲಿ. ಕಿಟ್ಟಿನ ಜೊತೆ ಬಂದ ಪ್ರೋಬಿನ ಬಾಲ ಒಂದು ಮೊಳ ಉದ್ದ. ಯಾವ ಲಾರಿಗೆ ಸಾಕು ಅದು? ಆಟೋಗೂ ಸಾಲದು. ಜಾಹೀರಾತಿನಲ್ಲಿ "24 ವೋಲ್ಟ್, ಸಂಪೂರ್ಣ ಕಿಟ್" ಅಂತಿತ್ತು. ಬಂದದ್ದು 12 ವೋಲ್ಟಿನದು. ಅದಕ್ಕೊಂದು ಕನ್ವರ್ಟರ್ ಕೂರಿಸಿದೆ. ಪಾರ್ಸೆಲ್ ಬೇರೆ ತೋಟದ ತನಕ ಬರದೆ ಸುಂಟಿಕೊಪ್ಪದ ಒಂದು ಬೇಕರಿಯಲ್ಲಿ ಐದು ದಿನ ಬನ್ನುಗಳ ನಡುವೆ ಕೂತಿತ್ತು.

ಈ ಪ್ರೋಬ್ ಕೆ ಟೈಪಿನದು: ಎರಡು ಬೇರೆ ಬೇರೆ ಲೋಹದ ಎಳೆ, ಎರಡು ತುದಿಗಳ ಬಿಸಿಯ ವ್ಯತ್ಯಾಸಕ್ಕೆ ತಕ್ಕಂತೆ ಸಣ್ಣ ವೋಲ್ಟೇಜ್ ಕೊಡುತ್ತದೆ. ಅದಕ್ಕೆ ಅದೇ ಲೋಹಗಳ ಕೆ ಟೈಪ್ ವೈರೇ ಬೇಕೆಂದು ನನಗೂ ಗೊತ್ತಿತ್ತು. ಆದರೆ ಅಂಗಡಿಯವನು "ವೈರ್ ವೈರೇ ಸಾರ್, ಒಳಗೆ ಹೋಗೋದು ಕರೆಂಟೇ ತಾನೆ" ಎಂದು ತಾಮ್ರದ ವೈರು ಅಳೆದು ಕೊಟ್ಟ. ಆತುರಕ್ಕೆ ನಾನೂ ಹಾಕಿದೆ. ತಪ್ಪು ನನ್ನದೇ, ಬೈಗುಳ ಮಾತ್ರ ಅವನಿಗೆ. ಜೋಡುಪಾಲದಿಂದ ಮದೆನಾಡಿನ ಕಡೆಗೆ, ತುಂಬಿದ ಲೋಡಿನಲ್ಲಿ, ನಾಲ್ಕನೇ ಗೇರಿನಲ್ಲಿ 580 ಬಂತು. ಎಂಜಿನ್ ಪಡುತ್ತಿರುವ ಪಾಡಿಗೆ ಇದು ಕಡಿಮೆ ಅನ್ನಿಸಿತು. ತಾಮ್ರ ಹಾಕಿದರೆ ಪ್ರೋಬಿನ ಬಾಲಕ್ಕೆ ವೈರು ಸೇರುವ ಜಾಯಿಂಟ್ ಇರುವ ಜಾಗಕ್ಕೂ ಮೀಟರಿಗೂ ಎಷ್ಟು ಬಿಸಿಯ ವ್ಯತ್ಯಾಸವೋ ಅಷ್ಟು ಅಂಕಿ ನುಂಗಿಹೋಗುತ್ತದೆ. ನನ್ನ ಜಾಯಿಂಟ್ ಇದ್ದದ್ದು ಟರ್ಬೊ ಪಕ್ಕದಲ್ಲೇ.

ಸರಿ, ಕೆ ಟೈಪಿಗೆಂದೇ ಇರುವ ಅಸಲಿ ಕೆಎಕ್ಸ್ ವೈರು ತರಿಸಿದೆ. ಬೇಕಾದದ್ದು ಎರಡೂವರೆ ಮೀಟರ್, ಐದಕ್ಕಿಂತ ಕಡಿಮೆ ಕೊಡುವುದಿಲ್ಲವಂತೆ. ಕೂರಿಸಿ ಅದೇ ಏರು, ಅದೇ ತೂಕ, ಅದೇ ಗೇರು. 520! ಸರಿಯಾದ ವೈರು ಹಾಕಿದ ಮೇಲೆ ತಪ್ಪು ಇನ್ನೂ ಹೆಚ್ಚಾಯಿತು.

ಪ್ರೋಬ್ ಬಿಚ್ಚಿದೆ. ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಅಕ್ಕನ ಅಡುಗೆಮನೆಯಿಂದ ಕುದಿಯುವ ನೀರು ತಂದು ಅದ್ದಿದೆ. 96. "ನೀರು ಕುದಿಯೋದು ನೂರಕ್ಕಲ್ಲವಾ? ನಾಲ್ಕು ಡಿಗ್ರಿ ಎಲ್ಲಿ ಹೋಯ್ತು?" ಅಂದರು ಭಾವ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಪ್ರತಿ 300 ಮೀಟರಿಗೆ ಹತ್ತಿರ ಹತ್ತಿರ ಒಂದು ಡಿಗ್ರಿ ಇಳಿಯುತ್ತದೆ, ಹಾಗಾಗಿ ಇಲ್ಲಿ ನೀರು 96ಕ್ಕೇ ಕುದಿಯುತ್ತದೆ. ಮೀಟರು ಪಾಸು. ಪ್ರೋಬ್ ಪಾಸು. ವೈರೂ ಪಾಸು. ಹಾಗಾದರೆ ಸುಳ್ಳು ಹೇಳುತ್ತಿರುವುದು ಸಂಪಾಜೆ ಘಾಟಿಯೇ?

ಎರಡು ವಾರ ಹೀಗೇ ಹೋಯಿತು. ಅರ್ತ್ ಬದಲಿಸಿದೆ, ಕನ್ವರ್ಟರ್ ಬದಲಿಸಿದೆ, ಆಲ್ಟರ್ನೇಟರಿನ ಮೇಲೂ ಅನುಮಾನಪಟ್ಟೆ. ಕೊನೆಗೆ ಮೈನಸ್ 4.

ಬಿಸಿಯನ್ನೂ ಅಳೆಯುವ ಮಲ್ಟಿಮೀಟರನ್ನು ನೇರ ಪ್ರೋಬಿನ ಬಾಲಕ್ಕೆ ಹಿಡಿದೆ. 66. ಅದು ನಂಬುವಂಥ ಅಂಕಿ. ಜಾಯಿಂಟಿನ ಹತ್ತಿರ ಅಳೆದರೆ 56, ಕ್ಯಾಬಿನ್ ಒಳಗೆ 21. ವ್ಯತ್ಯಾಸ 35. ಅದರ ಎರಡರಷ್ಟು 70. ಅರವತ್ತಾರರಲ್ಲಿ ಎಪ್ಪತ್ತು ಕಳೆದರೆ... ಟಾರ್ಚ್ ಕೈಯಿಂದ ಜಾರಿ ಗ್ರೀಸ್ ಡಬ್ಬಿಗೆ ಬಿತ್ತು.

ಕೆಎಕ್ಸ್ ವೈರು ಎರಡೂ ತುದಿಯಲ್ಲಿ ಉಲ್ಟಾ! ಒಂದೇ ತುದಿ ಉಲ್ಟಾ ಆಗಿದ್ದರೆ ಎಂಜಿನ್ ಬಿಸಿಯಾದಂತೆ ಅಂಕಿ ಇಳಿಯುತ್ತಿತ್ತು, ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಎರಡೂ ಉಲ್ಟಾ ಆದರೆ ಮೀಟರು ಸಭ್ಯಸ್ಥನಂತೆ ಮೇಲೆ ಕೆಳಗೆ ಓಡಾಡುತ್ತದೆ, ತಾಮ್ರ ನುಂಗುವುದರ ಎರಡರಷ್ಟನ್ನು ಸದ್ದಿಲ್ಲದೆ ನುಂಗುತ್ತದೆ. ಜಾಯಿಂಟೂ ಮೀಟರೂ ಒಂದೇ ತಂಪಿನಲ್ಲಿದ್ದರೆ ತಪ್ಪು ಸೊನ್ನೆ. ನೀರಿನ ಪರೀಕ್ಷೆಯಲ್ಲಿ ಪಾಸಾದದ್ದು ಅದಕ್ಕೇ.

ಆದದ್ದು ಹೇಗೆ? ಪ್ರೋಬಿನ ಬಾಲದಲ್ಲಿ ಕೆಂಪು ಪ್ಲಸ್, ನೀಲಿ ಮೈನಸ್. ನಾನು ಕೆಂಪಿಗೆ ಕೆಂಪು ಜೋಡಿಸಿದೆ, ಆ ಕೆಂಪನ್ನೇ ಮೀಟರಿನ ಪ್ಲಸ್ಸಿಗೆ ಕೊಟ್ಟೆ. ಆದರೆ ಕೆಎಕ್ಸ್ ವೈರು ಅಮೆರಿಕದ ಬಣ್ಣದ ಪದ್ಧತಿಯದು. ಅಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಬ್ಯಾಟರಿ ಮುಟ್ಟಿದ ಯಾವ ಮನುಷ್ಯ ಕೆಂಪಿಗೆ ಮೈನಸ್ ಅನ್ನುತ್ತಾನೆ? ಯುರೋಪಿನ ಪದ್ಧತಿಯಲ್ಲಾದರೆ ಹಸಿರು ಪ್ಲಸ್, ಬಿಳಿ ಮೈನಸ್.

ಬಣ್ಣವನ್ನು ಇನ್ನು ಮೇಲೆ ನಂಬುವುದಿಲ್ಲ. ಹಳೆಯ ಸ್ಪೀಕರ್ ಒಡೆದು ಆಯಸ್ಕಾಂತ ತೆಗೆದೆ. ಕೆ ಟೈಪಿನ ಮೈನಸ್ ಎಳೆ ಅಲ್ಯೂಮೆಲ್, ಅದು ಆಯಸ್ಕಾಂತಕ್ಕೆ ಅಂಟುತ್ತದೆ. ಪ್ಲಸ್ ಎಳೆ ಕ್ರೋಮೆಲ್, ಅಂಟುವುದಿಲ್ಲ. ನೋಡಿದರೆ ಕೆಎಕ್ಸ್ ವೈರಿನ ಕೆಂಪು ಎಳೆ ಟಪಕ್ಕೆಂದು ಅಂಟಿತು. ಎರಡೂ ತುದಿ ಅದಲುಬದಲು ಮಾಡಿದೆ. ಮೀಟರಿನಲ್ಲಿ 58, ಮಲ್ಟಿಮೀಟರಿನಲ್ಲೂ 58. ಆಗ ಗಂಟೆ ಹನ್ನೊಂದೂಕಾಲು.

ಉಳಿದ ಎರಡೂವರೆ ಮೀಟರ್ ವೈರಿಗೆ ಆಗಲೇ ಕೆಲಸ ಗೊತ್ತಾಗಿದೆ. ಶೆಡ್ಡಿನ ಮೂಲೆಯಲ್ಲಿ ಒಂದು ಸ್ಟೀಲ್ ಡ್ರಮ್ಮೂ ವೈಪರ್ ಮೋಟರೂ ಬಿದ್ದಿವೆ. ತೋಟದ ರೊಬಸ್ಟಾ ಕಾಫಿ ಹುರಿಯುವ ಯಂತ್ರ ಮಾಡಬೇಕು. ಬೀಜ ಮೊದಲ ಸಲ ಚಟಪಟ ಅನ್ನುವುದು 196ರ ಆಸುಪಾಸಿನಲ್ಲಿ. ಅದು ಕಿವಿಗೆ ಕೇಳುವ ಮುಂಚೆಯೇ ಅಂಕಿಯಲ್ಲಿ ಕಾಣಬೇಕು. ಡ್ರಮ್ಮು ತಿರುಗುತ್ತಿರುವಾಗ ಪ್ರೋಬನ್ನು ಬೀಜದ ರಾಶಿಯೊಳಗೆ ಹೇಗೆ ನಿಲ್ಲಿಸುವುದು ಎಂಬುದೊಂದೇ ಬಾಕಿ. "ಮೊದಲು ನನ್ನ ಪಾತ್ರೆ ವಾಪಸ್ ತಾ" ಎಂದಿದ್ದಾಳೆ ಅಕ್ಕ.

ನಿನ್ನೆ ಮತ್ತೆ ಹದಿನೈದು ಟನ್ ಗೊಬ್ಬರ, ಮತ್ತೆ ಜೋಡುಪಾಲ. ನಾಲ್ಕನೇ ಗೇರಿನಲ್ಲಿ 640. ಭಾವನಿಗೆ ಮೊದಲಿನಿಂದಲೂ ಒಂದು ಚಟ: ಏರಿನಲ್ಲೂ ಐದನೇ ಗೇರನ್ನೇ ಹಿಡಿದು, ಎಂಜಿನ್ ಗುಂಯ್ ಅನ್ನದಿದ್ದರೆ ಆರಾಮಾಗಿದೆ ಅಂದುಕೊಳ್ಳುವುದು. ಐದಕ್ಕೆ ಹಾಕಿಸಿದೆ. 670, 690, 705. ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಪೆಟ್ರೋಲ್ ಎಂಜಿನ್ನಿನ ಹಾಗಲ್ಲ, ಇಲ್ಲಿ ಡೀಸೆಲ್ ಹೆಚ್ಚಾದಷ್ಟೂ ಬಿಸಿ. ಭಾವ ಏನೂ ಅನ್ನದೆ ಗೇರ್ ಇಳಿಸಿದರು, ಆರ್‌ಪಿಎಂ ಏರಿತು, ಅಂಕಿ ಇಳಿಯಿತು. ಮದೆನಾಡು ದಾಟಿದ ಮೇಲೆ, "ಇದು ನಿನ್ನ ಅಕ್ಕನಿಗಿಂತ ಜಾಸ್ತಿ ಹೇಳುತ್ತೆ" ಅಂದರು.

ಸೋಮವಾರ ಕಾಫಿ ಹೇರಿಕೊಂಡು ಕೆಳಗೆ ಹೋಗುವುದಿದೆ. ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕ್ ಒತ್ತಿದಾಗ ಎಷ್ಟು ತೋರಿಸುತ್ತದೆ ಅಂತ ನೋಡಬೇಕು.