ಪೇಪರ್ ಯಾರದ್ದು?

ಸಾಗರದಲ್ಲಿ ನಮ್ಮದು ಪೇಪರ್ ಏಜೆನ್ಸಿ ಇತ್ತು. ಅಪ್ಪನ ನಂತರ ನಾನೇ ನೋಡಿಕೊಂಡೆ. ಬಂಡಲ್ ಬಿಚ್ಚಿ, ಸಪ್ಲಿಮೆಂಟ್ ಸೇರಿಸಿ, ಹುಡುಗರಿಗೆ ಎಣಿಸಿ ಕೊಡುವಷ್ಟರಲ್ಲಿ ಬೆಳಕಾಗುತ್ತಿತ್ತು. ಜನ ಮೊದಲು ನೋಡುತ್ತಿದ್ದುದು ಅಡಿಕೆ ಧಾರಣೆ. ನನ್ನ ಕಣ್ಣು ಮಾತ್ರ ಮಾರ್ಚ್ ಶುರುವಿನಲ್ಲಿ ಬರುತ್ತಿದ್ದ ಒಂದು ಸಣ್ಣ ಪ್ರಕಟಣೆಯ ಮೇಲೆ. 1956ರ ನಿಯಮದಂತೆ ಪತ್ರಿಕೆಗಳು ವರ್ಷಕ್ಕೊಮ್ಮೆ ಅಚ್ಚು ಹಾಕುತ್ತಿದ್ದ ನಾಲ್ಕನೇ ನಮೂನೆ ಅದು. ಪೇಪರಿನ ಮಾಲೀಕರು ಯಾರು, ಬಂಡವಾಳದಲ್ಲಿ ಶೇ 1ಕ್ಕಿಂತ ಜಾಸ್ತಿ ಪಾಲು ಯಾರದ್ದು, ಎಲ್ಲ ಅದರಲ್ಲಿರುತ್ತಿತ್ತು. ಅದನ್ನು ಓದದೆ ಉಳಿದ ಪುಟ ಓದಬಾರದು ಅಂತ ಈಗಲೂ ಹೇಳುತ್ತೇನೆ.

ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಕತೆ ನನಗೆ ಹಿಡಿಸಿದ್ದು ಇದಕ್ಕೇ. 1821ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಶುರುವಾದ ಪೇಪರ್. ಸಿ.ಪಿ. ಸ್ಕಾಟ್ ಅದಕ್ಕೆ 57 ವರ್ಷ ಸಂಪಾದಕರು. 1907ರಲ್ಲಿ ಪೇಪರನ್ನೇ ಕೊಂಡುಕೊಂಡರು. 1932ರ ಜನವರಿ 1ರಂದು ಅವರು ತೀರಿಕೊಂಡರು. ಅದೇ ಏಪ್ರಿಲ್‌ನಲ್ಲಿ, ಅವರ ನಂತರ ಸಂಪಾದಕನಾಗಿದ್ದ ಮಗ ಎಡ್ವರ್ಡ್ ವಿಂಡರ್‌ಮಿಯರ್ ಸರೋವರದಲ್ಲಿ ಮುಳುಗಿ ಹೋದರು. ಉಳಿದದ್ದು ಇನ್ನೊಬ್ಬ ಮಗ ಜಾನ್. ಮಾಲೀಕ ಸತ್ತರೆ ಆಸ್ತಿಗೆ ಸರ್ಕಾರ ತೆರಿಗೆ ಹಾಕುವ ಕಾಲ. ಜಾನ್‌ಗೂ ಏನಾದರೂ ಆದರೆ ಆ ತೆರಿಗೆ ಕಟ್ಟಲು ಪೇಪರ್ ಮಾರಬೇಕಾಗುತ್ತಿತ್ತು. 1936ರಲ್ಲಿ ಅವರು ಒಡೆತನವನ್ನೇ ಸ್ಕಾಟ್ ಟ್ರಸ್ಟ್‌ಗೆ ಬರೆದುಕೊಟ್ಟರು. ಬಂದ ಲಾಭ ಪತ್ರಿಕೆಗೇ ಹೋಗಬೇಕು, ಮನೆಯವರ ಜೇಬಿಗಲ್ಲ. ಮೂರು ಗುಂಟೆ ತೋಟದ ಪಾಲಿಗೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದನ್ನು ನೋಡಿದವಳು ನಾನು. ಬದುಕಿರುವಾಗಲೇ ಎಲ್ಲ ಬಿಟ್ಟುಕೊಡೋದು ಸುಮ್ನೆ ಮಾತಲ್ಲ.

ಟ್ರಸ್ಟ್ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. 1791ರಿಂದ ಬರುತ್ತಿದ್ದ ಅಬ್ಸರ್ವರ್ ಎಂಬ ಭಾನುವಾರದ ಪೇಪರನ್ನು ಗಾರ್ಡಿಯನ್ 1993ರಲ್ಲಿ ಕೊಂಡಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು ಟಾರ್ಟಾಯ್ಸ್ ಮೀಡಿಯಾಗೆ ಮಾರಲು ಒಪ್ಪಿತು. ಪತ್ರಕರ್ತರು ಮುಷ್ಕರ ಮಾಡಿದರೂ ಮಾರಾಟ ನಿಲ್ಲಲಿಲ್ಲ. ನನಗೆ ಇದು ಬೇಸರ ತಂದ ಸುದ್ದಿ. ಬರೆಯುವವರ ಮಾತಿಗೆ ಅಲ್ಲೂ ಬೆಲೆ ಸಿಗಲಿಲ್ಲ ಅಲ್ವಾ?

ನಮ್ಮ ಜಿಲ್ಲೆಯ ಕೊನಗವಳ್ಳಿಯ ಲಂಕೇಶರು ಹಿಡಿದ ದಾರಿಯೇ ಬೇರೆ. 1980ರಲ್ಲಿ ಶುರುಮಾಡಿದ ವಾರಪತ್ರಿಕೆಗೆ ಜಾಹೀರಾತೇ ಬೇಡ ಎಂದರು. ಟ್ರಸ್ಟೂ ಇಲ್ಲ, ಉದ್ಯಮಿಯ ದುಡ್ಡೂ ಇಲ್ಲ. ಓದುಗ ಪ್ರತಿ ಕಾಪಿಗೆ ಕೊಡುವ ಕಾಸಿನಲ್ಲೇ ಮುಂದಿನ ಸಂಚಿಕೆ ಹೊರಡಬೇಕು. ಜಾಹೀರಾತಿನ ಬಲದಲ್ಲಿ ಪೇಪರ್ ಅಗ್ಗಕ್ಕೆ ಸಿಗುವ ಕಾಲದಲ್ಲಿ, 'ರೇಟು ಜಾಸ್ತಿಯಾಯ್ತು, ನಿಲ್ಲಿಸಿ ಬಿಡಿ' ಎಂದವರಿಗೆಲ್ಲ ನಾನು ಹೇಳುತ್ತಿದ್ದುದು ಇಷ್ಟೇ: ನೀವು ಕೊಡದ ದುಡ್ಡನ್ನು ಬೇರೆ ಯಾರೋ ಕೊಡುತ್ತಿದ್ದಾರೆ, ಅವರು ಯಾರು ಅಂತ ಒಮ್ಮೆ ನೋಡಿ.