ಓಕ್‌ಲ್ಯಾಂಡಿನ ಕೂಳೆ ಕಾಡು

ಜುಲೈ ತಿಂಗಳು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ತಮ್ಮನ ಮನೆಯಿಂದ ಹೊರಟಾಗ ಒಳ್ಳೇ ಬಿಸಿಲಿತ್ತು. ಓಕ್‌ಲ್ಯಾಂಡಿನ ಗುಡ್ಡ ಹತ್ತುವಷ್ಟರಲ್ಲಿ ಕಾರಿಗೆ ವೈಪರ್ ಹಾಕಬೇಕಾಯಿತು. ಮಳೆಯಲ್ಲ, ಮಂಜು. ರೈನ್‌ಹಾರ್ಟ್ ರೆಡ್‌ವುಡ್ ರೀಜನಲ್ ಪಾರ್ಕಿನ ಸ್ಕೈಲೈನ್ ಗೇಟಿನಲ್ಲಿ ಇಳಿದಾಗ, "ಸ್ವೆಟರ್ ತಗೊಳ್ಳಿ ಅಂತ ಹೇಳಿರ್ಲಿಲ್ವಾ ಅಣ್ಣ" ಎಂದ ತಮ್ಮ. ಹೇಳಿದ್ದ.

ಸ್ಟ್ರೀಮ್ ಟ್ರೇಲ್ ಹಿಡಿದು ಇಳಿದಂತೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ರೆಡ್‌ವುಡ್ ಮರಗಳು ಗುಂಪುಗುಂಪಾಗಿ, ದುಂಡಗೆ ನಿಂತಿವೆ. ಒಂದು ಕಡೆ ಎಣಿಸಿದೆ: ಸುತ್ತ ಒಂಬತ್ತು ಮರ, ನಡುವೆ ಏಳೆಂಟು ಜನ ಊಟಕ್ಕೆ ಕೂರುವಷ್ಟು ಜಾಗ, ಬರೀ ತರಗು ತುಂಬಿದ ತಗ್ಗು. ಇಲ್ಲಿಯವರು ಇದಕ್ಕೆ ಫೇರಿ ರಿಂಗ್ ಅನ್ನುತ್ತಾರಂತೆ. ನನ್ನ ಬಾಯಿಗೆ ಬಂದದ್ದು ಬೇರೆ. "ಇದು ಕೂಳೆ ಕಣೋ!"

ಕಬ್ಬು ಬೆಳೆದವರಿಗೆ ವಿವರಿಸಬೇಕಿಲ್ಲ. ನೆಲಮಟ್ಟಕ್ಕೆ ಸವರಿದರೆ ಬುಡದ ಕಣ್ಣುಗಳು ಒಡೆದು ಹೊಸ ತೆಂಡೆ ಬರುತ್ತವೆ, ಬಿತ್ತನೆಯ ಖರ್ಚಿಲ್ಲ. ರೆಡ್‌ವುಡ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಬುಡದ ಗಂಟಿನೊಳಗೆ ಮೊಗ್ಗುಗಳು ವರ್ಷಗಟ್ಟಲೆ ಮಲಗಿರುತ್ತವೆ; ಮೇಲಿನ ಮರ ಹೋಯಿತೆಂದರೆ ಬೊಡ್ಡೆಯ ಸುತ್ತ ಏಳುತ್ತವೆ. ಬೇರು ಹಳೆಯದೇ ಆದ್ದರಿಂದ ಚಿಗುರು ಬೀಜದ ಸಸಿಗಿಂತ ಎಷ್ಟೋ ಬೇಗ ಮೇಲೇಳುತ್ತದೆ. ಪೈನಿನಂಥ ಸೂಜಿಯೆಲೆಯ ಬಹುಪಾಲು ಮರಗಳು ಕಡಿದರೆ ಸತ್ತೇ ಹೋಗುತ್ತವೆ, ಇದು ಸಾಯುವುದಿಲ್ಲ. ವೈಜ್ಞಾನಿಕ ಹೆಸರಿನಲ್ಲೇ 'ಸೆಂಪರ್‌ವೈರೆನ್ಸ್' ಇದೆ, ಅಂದರೆ ಸದಾ ಹಸಿರು.

ಈ ಬೆಟ್ಟದ ಮೊದಲ ಬೆಳೆ ಎಂಥದ್ದಿತ್ತೆಂದರೆ, 1826ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಬಂದ ಬ್ರಿಟಿಷ್ ನಾವಿಕ ಬೀಚಿ, ನೀರಿನಡಿಯ ಬ್ಲಾಸಮ್ ಬಂಡೆಯಿಂದ ಹಡಗು ತಪ್ಪಿಸಲು ಇಲ್ಲಿನ ಎರಡು ಮರಗಳನ್ನೇ ಗುರುತಾಗಿ ಬರೆದಿಟ್ಟ. ಆಮೇಲೆ ಚಿನ್ನದ ಹುಚ್ಚು, ಜನ ಮುಗಿಬಿದ್ದು ಬಂದರು. ಸ್ಯಾನ್ ಫ್ರಾನ್ಸಿಸ್ಕೊ ಕಟ್ಟಲು ಮರ ಬೇಕು. ಎತ್ತಿನ ಗಾಡಿಗಳಲ್ಲಿ ದಿಮ್ಮಿ ದಡಕ್ಕಿಳಿಯಿತು. 1860ರ ಹೊತ್ತಿಗೆ ಗುಡ್ಡದ ತುಂಬ ಬೊಡ್ಡೆಗಳು. ಆ ಎರಡು ಗುರುತಿನ ಮರಗಳೂ ಹೋದವು. (ಬಂಡೆಯನ್ನು ಸ್ಫೋಟಿಸಿದ್ದು 1870ರಲ್ಲಿ. ಮರ ಮೊದಲು ಹೋಯಿತು, ಬಂಡೆ ಆಮೇಲೆ.) ಓಕ್‌ಲ್ಯಾಂಡಿನಲ್ಲಿ ಉಳಿದ ಹಳೇ ರೆಡ್‌ವುಡ್ ಒಂದೇ. ಕಡಿದಾದ ಬಂಡೆಯ ಮೇಲೆ ಗಿಡ್ಡಗೆ, ಸೊಟ್ಟಗೆ ಬೆಳೆದಿದ್ದರಿಂದ ಯಾರಿಗೂ ಬೇಡವಾಗಿತ್ತು.

ಚಿಗುರಿದ್ದು ಮರವಾಗುವಷ್ಟರಲ್ಲಿ 1906ರ ಭೂಕಂಪ ಬಂತು. ನಗರ ಮತ್ತೆ ಕಟ್ಟಬೇಕು, ಮತ್ತೆ ಇಲ್ಲಿಗೇ ಕೊಡಲಿ ಬಂತು. ಹಾಗಾದರೆ ನಾನು ತಲೆ ಎತ್ತಿ ನೋಡುತ್ತಿದ್ದವುಗಳಲ್ಲಿ ಕೆಲವು ಎರಡನೇ ಕೂಳೆ. ನಮ್ಮಲ್ಲಿ ಎರಡನೇ ಕೂಳೆಗೇ ಇಳುವರಿ ಬಿತ್ತು ಎಂದು ಗೊಣಗುತ್ತೇವೆ; ಇಲ್ಲಿ ಅದು ನೂರಡಿ ದಾಟಿದೆ. ಕೆಂಪು ತೊಗಟೆಗೆ ಅಂಗೈ ಇಟ್ಟರೆ ತೆಂಗಿನ ನಾರು ಮುಟ್ಟಿದಂತೆ ಮೆತ್ತಗಿತ್ತು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ, ತಮ್ಮ ಮುಂದೆ ಹೋಗಿಬಿಟ್ಟಿದ್ದ.

ಊರಿನಲ್ಲಿ ರಾತ್ರಿ ಒಂಬತ್ತೂವರೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಆ ಸುತ್ತನ್ನು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬುಡವನ್ನೇ ನೋಡಿದರು, ತುದಿ ತೋರಿಸು ಅನ್ನಲೇ ಇಲ್ಲ.

"ಮಳೆ ಬತ್ತದೇನ್ಲಾ ಅಲ್ಲಿ?"

"ಬೇಸಿಗೇಲಿ ಬರಲ್ಲ ಅಪ್ಪ."

"ಮತ್ತೆ ಇಷ್ಟೊಂದು ಕೂಳೆಗೆ ನೀರ್ ಕಟ್ಟೋರು ಯಾರು?"

ಫೋನನ್ನು ಮೇಲಕ್ಕೆ ತಿರುಗಿಸಿದೆ. ಸಮುದ್ರದಿಂದ ಬಂದ ಮಂಜು ಸೂಜಿಯೆಲೆಗಳಿಗೆ ಸಿಕ್ಕಿ, ಹನಿಯಾಗಿ, ತೊಟತೊಟ ಬೇರಿಗೆ ಬೀಳುತ್ತಿತ್ತು. ಒಂದು ಹನಿ ಫೋನಿನ ಮೇಲೂ ಬಿತ್ತು.

"ಪುಣ್ಯವಂತ್ರು," ಅಂದರು ಅಪ್ಪ. "ನಮ್ ನಾಲೇಲಿ ಇನ್ನೂ ನೀರು ಬುಟ್ಟಿಲ್ಲ."